ಕಾಕಾ ಅವರ ಪಾನಾ ಮತ್ತು ವಿಮಾನದ ತೋಪು

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ನಮ್ಮ ಮನೆಯವರು ಎಲ್ಲಿಂದಲೋ ಒಂದು ಬಾಟಲಿ ಸೀಮೆಎಣ್ಣೆ ತಂದು, ಟ್ರ್ಯಾಕ್ಟರಿನ ನಟ್ಟು ಬಿಚ್ಚುವ ಪಾನಾಗಳನ್ನೆಲ್ಲ ಅಂಗಳದಲ್ಲಿ ಹರವಿ ಉಜ್ಜುತ್ತ ಕೂತಿದ್ದರು. ಈಗಿನ ಕಾಲದಲ್ಲಿ ಸೀಮೆಎಣ್ಣೆ ಯಾರ ಮನೆಯಲ್ಲಿರುತ್ತದೆ ಹೇಳಿ! ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಮಿಲ್ಟ್ರಿ ಕಾಕಾ ನೆನಪಾದರು. ಅವರು ಹೋಗಿ ಎರಡು ವರ್ಷವಾಯಿತು. ಮೂರೋ...

ನಾನು ಸೊಸೆಯಾಗಿ ಸದಲಗಾಕ್ಕೆ ಬಂದು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದಾಗ ಕಾಕಾ ಮನೆಯ ಕಟ್ಟೆಯ ಮೇಲೆ ನದಿಯ ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದರು. ಮೊದಲು ವಾಯುಸೇನೆಯಲ್ಲಿದ್ದರು. ವಿಮಾನದ ತೋಪುಗಳಿಗೆ ಗುಂಡು ತುಂಬಿ ಸಜ್ಜು ಮಾಡುವುದು ಅವರ ಕೆಲಸವಾಗಿತ್ತು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಖಂಡೇಪೂಜೆ ಬಂತೆಂದರೆ ಓಣಿಯವರ ಕುಡಗೋಲು, ಇಕ್ಕಳ, ಹೊಲಿಗೆ ಯಂತ್ರದ ಕತ್ತರಿ ಎಲ್ಲ ಅವರ ಮಣೆಯ ಮೇಲೇ ಬರಬೇಕು. ತಾವೇ ತೊಳೆದು ಸಾಲಾಗಿ ಇಡುವರು. ಸೇನೆಯಿಂದ ತಂದ ತಮ್ಮ ಒಂದು ಪಾನಾ ಮಾತ್ರ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಅದನ್ನು ಇಡಲು ನಾನು ಒಮ್ಮೆ ಕೈ ಹಾಕಿದ್ದಕ್ಕೆ "ಅದಕ್ಕ ಪೂಜಾ ಬ್ಯಾಡ್ರಿ ಅಕ್ಕೋರ" ಎಂದು ಗದರಿದರು.

ಕಾರಣ ಹೇಳಿದವರು ಅವರ ಹೆಂಡತಿ, ಕಾಕು. ಯುದ್ಧದ ಒಂದು ಬೆಳಿಗ್ಗೆ ಕಾಕಾ ಸಜ್ಜು ಮಾಡಿದ ವಿಮಾನ ತಿರುಗಿ ಬರಲಿಲ್ಲ. ನಾಲ್ಕು ಗುಂಡು ಹಾರಿಸಿ ಅದರ ತೋಪು ಜಾಮ್ ಆಗಿ ನಿಂತಿತೆಂದು ಜೊತೆಗೆ ಹಾರಿದ್ದ ಇನ್ನೊಬ್ಬ ಪೈಲಟ್ ಬಂದು ಹೇಳಿದರಂತೆ. ಯಾರೂ ಕಾಕಾ ಕಡೆ ಬೆರಳು ಮಾಡಲಿಲ್ಲ. ಆದರೆ ಗುಂಡಿನ ಬೆಲ್ಟು ಒಳಹೋಗುವ ಬಾಯಿಯ ನಟ್ಟನ್ನು ಆ ದಿನ ಈ ಪಾನಾದಿಂದ ಬಿಗಿ ಮಾಡಿದ್ದೆನೋ ಇಲ್ಲವೋ ಎಂಬುದು ಅವರಿಗೇ ನೆನಪಿರಲಿಲ್ಲ. ಅಯ್ಯೋ, ಅದೆಂಥ ಹಿಂಸೆ! ಬಿಗಿದೆ ಅಂದರೂ ನಂಬಿಕೆಯಿಲ್ಲ, ಬಿಗಿಯಲಿಲ್ಲ ಅಂದರೂ ಖಾತ್ರಿಯಿಲ್ಲ.

ಒಮ್ಮೆ ಕೊಲ್ಲಾಪುರದ ಹಳೇ ಪುಸ್ತಕದ ಅಂಗಡಿಯಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಹೊತ್ತು ತಂದರು. ವಿಮಾನಕ್ಕೆ ತೋಪು ಕಟ್ಟಲು ಕಲಿತ ಕಾಲದ ಇತಿಹಾಸ. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಅಕ್ಕೋರ, ಈ ಜಾಮ್ ಆಗೂದು ಮೊದಲಿಂದನೂ ಇತ್ತೇನು, ಓದಿ ಹೇಳ್ರಿ" ಅಂದರು. ಶಾಲೆ ಬಿಟ್ಟ ಮೇಲೆ ದಿನಾ ಅರ್ಧ ತಾಸು ಕನ್ನಡ ಮಾಡಿ ಓದಿದೆ.

ಮೊದಮೊದಲು ಕಟ್ಟಿಗೆ, ಬಟ್ಟೆಯ ವಿಮಾನ. ಎಂಜಿನ್ನಿನ ಮೇಲೆ ತೋಪು ಕೂರಿಸಿ, ಮುಂದಿನ ಪಂಖದ ಟೊಳ್ಳು ನಡುವಿನಿಂದ ಗುಂಡು ಹಾರಿಸುತ್ತಿದ್ದರಂತೆ. ಒಂದು ಹಾರಿದ ಮೇಲೆ ಪೈಲಟ್ಟೇ ಕೈಯಿಂದ ಇನ್ನೊಂದು ತುಂಬಬೇಕು, ಹೊಗೆಯೆಲ್ಲ ಅವನ ಮುಖಕ್ಕೆ. ಆಮೇಲೆ ಗುಂಡಿನ ಒದೆತದಿಂದಲೇ ತಾನಾಗಿ ತುಂಬಿಕೊಳ್ಳುವ ತೋಪು ಬಂತು. ಗುಂಡು ತುಂಬುವ ಡಬ್ಬಿ ಹೋಗಿ ಗುಂಡಿನ ಬೆಲ್ಟು ಬಂತು. ಎಂಜಿನ್ನಿನ ಮೇಲೆ ಗಟ್ಟಿ ಕೂರಲೆಂದು ಮಾಡಿದ್ದನ್ನು ತೆಳುವಾದ ರೆಕ್ಕೆಯೊಳಗೆ ಇಟ್ಟಾಗ ರೆಕ್ಕೆ ಬಾಗಿ ಗುಂಡು ಸಿಕ್ಕಿಕೊಳ್ಳುತ್ತಿತ್ತು.

"ಬುಡ ಗಟ್ಟಿ ಇಲ್ಲಂದ್ರ ಪಂಪಿನ ಮೋಟಾರೂ ಹಂಗ ನಡಗತೈತಿ" ಎಂದು ಕಾಕಾ ತಲೆಯಾಡಿಸಿದರು. ಆಮೇಲೆ ಮುಖ ಸಣ್ಣದಾಯಿತು. "ನಮ್ದು ರೆಕ್ಕ್ಯಾಗ ಇರ್ಲಿಲ್ರಿ. ಮೂತ್ಯಾಗ ಇತ್ತು. ಮುಂದ ಓದ್ರಿ."

ನಾನು ಮುಂದೆ ಓದಿದೆ: ಹೀಗೆ ಜಾಮ್ ಆದರೆ ಅದು ತೋಪು ಸಜ್ಜು ಮಾಡಿದವನ ತಪ್ಪಲ್ಲ.

ಓದಿದೆನೇ? ಇಷ್ಟು ವರ್ಷವಾದರೂ ನನಗೆ ಇದೇ ಬಗೆಹರಿದಿರಲಿಲ್ಲ. ಪುಟದ ಕೆಳಗಡೆ ಆ ಸಾಲು ಇದ್ದಂತೆ ಕಣ್ಣಿಗೆ ಕಟ್ಟುತ್ತಿತ್ತು. ಅವರ ಮುಖ ನೋಡಲಾರದೆ ನಾನೇ ಸೇರಿಸಿದೆನೆಂದೂ ಅನಿಸುತ್ತಿತ್ತು. ಕಾಕಾ ಎದ್ದು ಮೊಳೆಯಿಂದ ಪಾನಾ ತೆಗೆದು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜತೊಡಗಿದರು. ಆ ವರ್ಷ ಅದು ಮಣೆಯ ಮೇಲೆ ಕೂತಿತು, ಕುಂಕುಮ ಹಚ್ಚಿಸಿಕೊಂಡಿತು. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಂದಿನ ವರ್ಷ ಕಣ್ಣಿನ ಆಪರೇಷನ್ ಆಯಿತು. ಕಾಕಾ ಇಂಗ್ಲಿಷ್ ಪೇಪರಿನ ಸಣ್ಣ ಅಕ್ಷರದ ಜಾಹೀರಾತನ್ನೂ ಬಿಡದೆ ಓದುತ್ತಿದ್ದರು. ಆದರೂ ಪ್ರತಿ ಖಂಡೇಪೂಜೆಗೆ "ಆ ಪುಟ ಓದಿ ಹೋಗ್ರಿ ಅಕ್ಕೋರ" ಎಂದು ನನ್ನನ್ನೇ ಕರೆಯುವರು. ನಾನೂ ಹೋಗಿ, ಪುಟದ ಕಡೆ ಸರಿಯಾಗಿ ನೋಡದೆ ಬಾಯಿಪಾಠ ಒಪ್ಪಿಸಿ ಬರುವೆ. ತಾವೇ ಯಾಕೆ ಓದಿಕೊಳ್ಳುವುದಿಲ್ಲ ಎಂದು ಒಂದು ದಿನವೂ ಕೇಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವರು ಹೋದ ಮೇಲೆ ಕಾಕು ಮಣೆ ಹಾಕಿರಲಿಲ್ಲ. ಈ ಸಲ ಹಬ್ಬದ ಬೆಳಿಗ್ಗೆ ಗೋಡೆಯಾಚೆಯಿಂದ ಕರೆದರು. ಮಣೆಯ ಮೇಲೆ ಪಾನಾ ಒಂದೇ ಇತ್ತು. ಕಾಕು ಪುಸ್ತಕ ಕೈಗಿಟ್ಟು, "ನೀವ್ ಓದಿದ ಮ್ಯಾಲ ಕುಂಕುಮ ಹಚ್ಚತೇನಿ" ಅಂದರು.

ಆ ಪುಟವನ್ನು ಮೊದಲ ಬಾರಿಗೆ ಅಕ್ಷರ ಅಕ್ಷರ ನೋಡಿದೆ. ಬಾಗುವ ರೆಕ್ಕೆ ಇತ್ತು, ಸಿಕ್ಕಿಕೊಳ್ಳುವ ಗುಂಡು ಇತ್ತು. ಆ ಸಾಲು ಇರಲಿಲ್ಲ. ಎಲ್ಲೂ ಇರಲಿಲ್ಲ. ಪುಟದ ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನಿಂದ ಕಾಕಾ ಅವರ ದುಂಡು ಅಕ್ಷರದಲ್ಲಿ ಬರೆದಿತ್ತು: "ಸಜ್ಜು ಮಾಡಿದವನ ತಪ್ಪಲ್ಲ. ನಮ್ಮ ಅಕ್ಕೋರು ಹೇಳ್ಯಾರ."

ಅಂದರೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಾತನ್ನು ಪುಸ್ತಕದೊಳಗೆ ಸೇರಿಸಿಕೊಂಡರೋ, ನನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದರೋ... ಅವರಿಗೆ ಸಮಾಧಾನ ಸಿಕ್ಕಿತ್ತೋ ಇಲ್ಲವೋ, ಯಾರನ್ನು ಕೇಳಲಿ? ಕೇಳಬೇಕಾದ ಮನುಷ್ಯನೇ ಇಲ್ಲ.

"ಯಾಕ ಸುಮ್ಕಾದ್ರಿ? ಓದ್ರಲಾ" ಅಂದರು ಕಾಕು, ಕುಂಕುಮದ ಬಟ್ಟಲು ಹಿಡಿದುಕೊಂಡೇ.

ಓದಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅಂಚಿನ ಪೆನ್ಸಿಲ್ ಸಾಲಿನವರೆಗೂ, ಆ ಪುಟದಲ್ಲಿ ಬರೆದದ್ದನ್ನೇ ಓದಿದೆ.