ಬೆಟ್ಟ ಹತ್ತುವ ಕಾರು ಬೇಕಾಗಿದೆ

ಬ್ರೇಕ್ ಒತ್ತಿದೆ. ಪೆಡಲ್ ಸೀದಾ ನೆಲ ಮುಟ್ಟಿತು. ಕಾರು ಮಾತ್ರ ನಿಲ್ಲಲಿಲ್ಲ.

ಮಾದಪ್ಪನ ಬೆಟ್ಟದಿಂದ ಇಳಿಯುತ್ತಿದ್ದೆವು. ಬುಡದಲ್ಲಿರುವ ತಾಳಬೆಟ್ಟಕ್ಕೆ ಇನ್ನೂ ನಾಲ್ಕೈದು ತಿರುವು ಬಾಕಿ ಇತ್ತು. ಪಕ್ಕದಲ್ಲಿ ನಮ್ಮ ಯಜಮಾನರು, ಹಿಂದಿನ ಸೀಟಿನಲ್ಲಿ ಲಾಡು ಪ್ರಸಾದದ ಕವರನ್ನು ಮಡಿಲಲ್ಲಿಟ್ಟುಕೊಂಡು ನಮ್ಮತ್ತೆ. ಸ್ಟಿಯರಿಂಗ್ ಹಿಡಿದವಳು ನಾನು. (ನಮ್ಮನೆಯಲ್ಲಿ ಡ್ರೈವಿಂಗ್ ಬರುವುದು ನನಗೊಬ್ಬಳಿಗೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.)

ಎದುರಿನ ತಿರುವಿನಲ್ಲಿ ಒಂದು ಗುಂಪು ತಲೆ ಮೇಲೆ ಗಂಟು ಹೊತ್ತು ನಡೆದು ಬರುತ್ತಿತ್ತು. ಹತ್ತು ಹನ್ನೆರಡು ಜನ. ಒಬ್ಬಾಕೆಯ ಸೊಂಟದಲ್ಲಿ ಮಗು. ಹಾರ್ನ್ ಒತ್ತಿದೆ. ಗೇರನ್ನು ಎರಡಕ್ಕೆ ಇಳಿಸಿದೆ, ಆಮೇಲೆ ಒಂದಕ್ಕೆ. ಹ್ಯಾಂಡ್‌ಬ್ರೇಕ್ ಎಳೆಯುತ್ತಾ ಎಳೆಯುತ್ತಾ ಬೆಟ್ಟದ ಕಡೆಯ ಚರಂಡಿಗೆ ತಿರುಗಿಸಿದೆ. ಎಡಗಡೆ ಬಾಗಿಲು ಬಂಡೆಗೆ ಉಜ್ಜಿಕೊಂಡು ಕಾರು ನಿಂತಿತು. ಆ ಗುಂಪಿಗೂ ನಮಗೂ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗ ಉಳಿದಿತ್ತು.

"ಮಾದಪ್ಪ ಕಾಪಾಡ್ದ ಕಣವ್ವ" ಅಂದರು ಅತ್ತೆ. ಮಡಿಲಲ್ಲಿದ್ದ ಲಾಡು ಪುಡಿಪುಡಿಯಾಗಿತ್ತು.

ಕಾಪಾಡಿದ, ಒಪ್ಪಿದೆ. ಆದರೆ ಬ್ರೇಕ್ ಆಯಿಲ್ ಬದಲಾಯಿಸುವುದೂ ಮಾದಪ್ಪನ ಕೆಲಸವೇ?

ಅದೇ ಬೆಳಿಗ್ಗೆ ಬೆಟ್ಟದ ಮೇಲೆ ಆ ಕಾರಿಗೆ ಪೂಜೆ ಮಾಡಿಸಿದ್ದೆವು. ಬಾನೆಟ್ಟಿಗೆ ಹಾರ, ಗಾಜಿಗೆ ವಿಭೂತಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು. ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣಿಟ್ಟ ನಾವು ಒಂದು ಚಕ್ರದ ಒಳಗೂ ಇಣುಕಿ ನೋಡಿರಲಿಲ್ಲ. ದೇವರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರುವುದು ಮನುಷ್ಯರ ಮೇಲೆ. ಅವರಲ್ಲಿ ನಾನೂ ಒಬ್ಬಳು.

ಕಾರು ಕೊಂಡು ಮೂರು ವಾರವಾಗಿತ್ತು. ಕೊಳ್ಳೇಗಾಲದಿಂದ ಹನೂರಿನ ಶಾಲೆಗೆ ದಿನಾ ಬಸ್ಸಿನಲ್ಲಿ ನೇತಾಡಿ ಸಾಕಾಗಿತ್ತು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಒಂದು ಕಾರು ತೆಗೆದುಕೊಳ್ಳೋಣ ಅಂತ ಹೊರಟೆ. ನಮ್ಮ ಕಡೆ ಹಳೇ ಕಾರು ಕೊಳ್ಳುವವರು ಕೇಳುವ ಪ್ರಶ್ನೆ ಒಂದೇ. ಎಷ್ಟು ಓಡಿದೆ ಅಂತಲ್ಲ. ಸರ್ವೀಸ್ ಆಗಿದೆಯಾ ಅಂತಲ್ಲ. "ಬೆಟ್ಟ ಅತ್ತುತದಾ?" ಅಷ್ಟೇ. ಒಂದು ಕಡೆ ಮಾದಪ್ಪನ ಬೆಟ್ಟ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಎರಡರಲ್ಲಿ ಒಂದನ್ನು ಏದುಸಿರಿಲ್ಲದೆ ಹತ್ತಿದರೆ ಅದು ಒಳ್ಳೇ ಗಾಡಿ. ಹತ್ತದಿದ್ದರೆ ಗುಜರಿ.

ನಾನೂ ಅದನ್ನೇ ಕೇಳಿದೆ. ಕಾರು ಮಾರುತ್ತಿದ್ದವರು ಯಳಂದೂರಿನವರು. ಇಸ್ತ್ರಿ ಮುರಿಯದ ಬಿಳಿ ಶರ್ಟು, ಮಾತಿಗೊಂದು ನಗು. "ಬನ್ನಿ ಮೇಡಂ, ಅತ್ತಿಸೇ ನೋಡಿ" ಅಂದರು. ಏಸಿ ಹಾಕಿಕೊಂಡು, ನಾಲ್ಕು ಜನ ಕೂತು, ಬಿಳಿಗಿರಿರಂಗನ ಬೆಟ್ಟ ಹತ್ತಿದೆವು. ಓಡಿಸಿದವಳು ನಾನೇ. ಕಾರು ಬೆಣ್ಣೆಯ ಹಾಗೆ ಹತ್ತಿತು. ಮೇಲೆ ಟೀ ಕುಡಿದು ಅಲ್ಲೇ ಮಾತು ಮುಗಿಸಿದೆವು. ವಾಪಸ್ ಹೊರಡುವಾಗ ಆತ ಕೀ ಕೇಳಿದರು. "ನೀವು ಅತ್ತಿಸಿದ್ರಿ, ಇಳಿಸದು ನಾನಿಳಿಸ್ತೀನಿ. ನೀವು ಆರಾಮಾಗಿ ಕಾಡು ನೋಡ್ಕಂಡು ಬನ್ನಿ."

ಎಂಥ ಸಜ್ಜನ ಅಂದುಕೊಂಡೆ. ಜಿಂಕೆ ಕಂಡವು. ಫೋಟೋ ಬೇರೆ ತೆಗೆದೆ!

ಚರಂಡಿಯಲ್ಲಿ ನಿಂತಾಗಲೇ ನನಗೆ ಹೊಳೆದದ್ದು. ಆ ಪುಣ್ಯಾತ್ಮ ಬೆಟ್ಟದುದ್ದಕ್ಕೂ ಎರಡನೇ ಗೇರಿನಲ್ಲೇ ಇಳಿದಿದ್ದ. ಬ್ರೇಕಿನ ಮೇಲೆ ಕಾಲೇ ಇಟ್ಟಿರಲಿಲ್ಲ. ಅಂದರೆ ಅವನಿಗೆ ಗೊತ್ತಿತ್ತು.

ಕಾರನ್ನು ಎಳೆಸಿಕೊಂಡು ಕೊಳ್ಳೇಗಾಲಕ್ಕೆ ತಂದೆವು. ಮೆಕ್ಯಾನಿಕ್ ನಾಗರಾಜು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದ. ಜೇನಿನ ಬಣ್ಣಕ್ಕಿರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ ಆಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದದ್ದನ್ನು ಯಾವ ಕಾಲದಿಂದಲೂ ಬದಲಾಯಿಸಿರಲಿಲ್ಲ. ಹಳೇ ಆಯಿಲ್ ತೇವ ಎಳೆದುಕೊಳ್ಳುತ್ತದಂತೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಒತ್ತಿ ಬಿಸಿಯಾದಾಗ ಆ ತೇವ ಕುದಿಯುತ್ತದೆ, ಪೆಡಲ್ ಟೊಳ್ಳಾಗುತ್ತದೆ. ಇಳಿಜಾರಿಲ್ಲದ ಹನೂರು ರಸ್ತೆಯಲ್ಲಿ ದಿನಾ ಓಡಿಸಿದರೂ ಇದು ಗೊತ್ತಾಗುವುದಿಲ್ಲ. ಬ್ರೇಕ್ ಪ್ಯಾಡ್ ಅಂತೂ ಸವೆದು ಕಬ್ಬಿಣ ಕಾಣುತ್ತಿತ್ತು.

ಇಷ್ಟನ್ನೂ ನಾಗರಾಜು ವಿವರಿಸಿದ್ದು ನಮ್ಮ ಯಜಮಾನರಿಗೆ. ಪ್ರಶ್ನೆ ಕೇಳಿದವಳು ನಾನು, ಕಾರು ಓಡಿಸುವವಳು ನಾನು. ಉತ್ತರ ಮಾತ್ರ "ನೋಡಿ ಸಾ" ಅಂತ ಅವರ ಕಡೆಗೆ. ಅವರೋ ರೇಷ್ಮೆ ನೇಯುವವರು. ಮಗ್ಗದಲ್ಲಿ ಒಂದೇ ಒಂದು ಎಳೆ ಕಡಿದರೂ ಪಡಸಾಲೆಯಿಂದಲೇ ಕಂಡುಹಿಡಿಯುತ್ತಾರೆ. ಕಾರಿನ ಬಾನೆಟ್ ಎಲ್ಲಿ ತೆಗೆಯುತ್ತಾರೆ ಅಂತ ಮಾತ್ರ ಗೊತ್ತಿಲ್ಲ. ಆದರೂ ತಲೆಯಾಡಿಸಿದ್ದೇ ಆಡಿಸಿದ್ದು.

ಕೊಳ್ಳುವ ಮೊದಲು ಈ ಕಾರನ್ನು ಪರೀಕ್ಷೆ ಮಾಡಿದವನು ಇದೇ ನಾಗರಾಜು. ಎಂಜಿನ್ನಿಗೆ ಕಿವಿಯಿಟ್ಟು "ಸೂಪರ್ ಸಾ" ಅಂದಿದ್ದ. ಎರಡನೇ ವಾರ ಚಕ್ರದಿಂದ ಕಿರ್ ಕಿರ್ ಸದ್ದು ಬರುತ್ತದೆ ಅಂತ ನಾನು ಫೋನ್ ಮಾಡಿದರೆ "ಧೂಳು ಮೇಡಂ, ಮಳೆ ಬಂದ್ರೆ ಓಯ್ತದೆ" ಅಂದಿದ್ದ. ಮಳೆ ಬಂದಿರಲಿಲ್ಲ. ಮೈ ಉರಿದುಹೋಯಿತು.

"ಬ್ರೇಕ್ ಯಾಕೆ ನೋಡಲಿಲ್ಲ ನಾಗರಾಜು?"

"ನೀವು ಕೇಳ್ನಿಲ್ವಲ್ಲ ಮೇಡಂ. ಯಾರೂ ಕೇಳಲ್ಲ. ಬೆಟ್ಟ ಅತ್ತುತದಾ ಅಂತೀರಿ. ಅತ್ತುತದೆ ಅಂದೆ. ಅತ್ತಲಿಲ್ವಾ?"

ಯಳಂದೂರಿನ ಬಿಳಿ ಶರ್ಟಿಗೂ ಫೋನ್ ಮಾಡಿದೆ. ಅವರದ್ದೂ ಅದೇ ರಾಗ. "ಅತ್ತುತದೆ ಅಂತ ಯೋಳಿದ್ದೆ, ಅತ್ತಿತಲ್ಲ. ಇಳಿಸೋದೆಲ್ಲ ಡ್ರೈವರ್ ಕೈಲದೆ ಮೇಡಂ." ಲೇಡೀಸ್ ಡ್ರೈವಿಂಗು ಅಂತ ಇನ್ನೊಂದು ಮಾತು ಸೇರಿಸುವಷ್ಟರಲ್ಲಿ ಫೋನ್ ಕಟ್ ಮಾಡಿದೆ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ನಾನೀಗ ಉಪದೇಶ ಮಾಡುತ್ತೇನೆ, ಬೈದುಕೊಂಡಾದರೂ ಕೇಳಿ. ಚಕ್ರ ಬಿಚ್ಚಿಸಿ ಪ್ಯಾಡ್ ನೋಡಿ. ಆಯಿಲ್ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ತೆಗೆಸಿ. ಎಂಜಿನ್ ಆನ್ ಇಟ್ಟು ಬ್ರೇಕನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ, ಪೆಡಲ್ ಮೆಲ್ಲಗೆ ಕುಸಿಯುತ್ತಾ ಹೋದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಪೆಟ್ರೋಲ್ ಉಳಿಸೋಕೆ ಅಂತ ನ್ಯೂಟ್ರಲ್‌ನಲ್ಲಿ ಬೆಟ್ಟ ಇಳಿಯುವ ಬುದ್ಧಿವಂತರಿದ್ದೀರಲ್ಲ, ಆ ಬುದ್ಧಿಯನ್ನು ಬೆಟ್ಟದ ಮೇಲೇ ಬಿಟ್ಟು ಬನ್ನಿ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಇನ್ನು ಟೆಸ್ಟ್ ಡ್ರೈವ್ ಅಂದರೆ ಹತ್ತುವುದು ಮಾತ್ರವಲ್ಲ. ಇಳಿಯುವಾಗಲೂ ಸ್ಟಿಯರಿಂಗ್ ನಿಮ್ಮ ಕೈಯಲ್ಲೇ ಇರಲಿ, ಮಾರುವವರು ಹಿಂದಿನ ಸೀಟಿನಲ್ಲಿ ಕೂತು ಕಾಡು ನೋಡಲಿ.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅತ್ತೆ ಅಪಶಕುನದ ಗಾಡಿ ಬೇಡ ಅಂತ ಹಟ ಹಿಡಿದರು. ನಾಗರಾಜು ಸಲಹೆ ಕೊಟ್ಟ, ಮತ್ತೆ ಇವರಿಗೇ. "ಬ್ರೇಕ್ ಪೂರಾ ಬಿಚ್ಚೋದೇನೂ ಬ್ಯಾಡಿ ಸಾ. ಮೇಲ್ಮೇಲೆ ಒಂಚೂರು ಹೊಸ ಆಯಿಲ್ ಆಕಿ ಪೆಡಲ್ ಗಟ್ಟಿ ಮಾಡ್ಕೊಡ್ತೀನಿ. ಕೌದಳ್ಳಿಲಿ ಒಂದು ಪಾರ್ಟಿ ಅದೆ. ಯೋಳಕೋಗ್ಬ್ಯಾಡಿ, ಕೊಟ್ಬುಡಿ." ನಮ್ಮ ಯಜಮಾನರು ಮತ್ತೆ ತಲೆಯಾಡಿಸಿದರು. ಈ ಸಲದ ತಲೆಯಾಟದ ಅರ್ಥ ತಿಳಿಯದಷ್ಟು ಹೊಸ ಸಂಸಾರವಲ್ಲ ನಮ್ಮದು.

ಭಾನುವಾರ ಆ ಪಾರ್ಟಿ ಮನೆಗೇ ಬಂದರು. ಕೌದಳ್ಳಿಯಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟವರು. ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು. ಮಕ್ಕಳು ಆಗಲೇ ಹಿಂದಿನ ಸೀಟು ಹತ್ತಿ ಕಿಟಕಿ ಗಾಜು ಏರಿಸಿ ಇಳಿಸಿ ಆಡುತ್ತಿದ್ದವು. ಮೊನ್ನೆ ನಮ್ಮತ್ತೆ ಕೂತಿದ್ದ ಸೀಟು ಅದು. ಅಪ್ಪ ಎಂಜಿನ್ ಸದ್ದು ಕೇಳಿದರು, ತೃಪ್ತಿಯಾಯಿತು, ನಮ್ಮವರ ಮುಖ ನೋಡಿದರು.

"ಬೆಟ್ಟ ಅತ್ತುತದಾ ಸಾ?"

ನಮ್ಮವರು ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. "ಹತ್ತುತ್ತೆ. ಇಳಿಯುವಾಗ ನಿಲ್ಲಲ್ಲ."

ಆತ ತಮಾಷೆ ಅಂದುಕೊಂಡು ನಕ್ಕರು. ಜಜ್ಜಿಹೋದ ಬಾಗಿಲು ತೋರಿಸಿ, ಕಪ್ಪಗಿದ್ದ ಆಯಿಲ್, ಸವೆದ ಪ್ಯಾಡು, ಮಗು ಎತ್ತಿಕೊಂಡಿದ್ದ ಹೆಂಗಸು, ಎಲ್ಲ ಹೇಳಿದೆ. ಅವರು ಏನೂ ಅನ್ನುವ ಮೊದಲೇ ಅವರ ಹೆಂಡತಿ ಮಕ್ಕಳನ್ನು ಸೀಟಿನಿಂದ ಇಳಿಸಿಕೊಂಡಿದ್ದರು.

ನಮ್ಮವರು ಅವತ್ತು ಸಂಜೆವರೆಗೆ ಮಗ್ಗ ಬಿಟ್ಟು ಏಳಲಿಲ್ಲ. ಮಾರನೇ ದಿನ ನನ್ನ ಜೊತೆ ಗ್ಯಾರೇಜಿಗೆ ಬಂದರು. ಪ್ಯಾಡು, ಆಯಿಲ್, ಪೈಪು ಎಲ್ಲ ಹೊಸದು ಹಾಕಿಸಿದೆ. "ನೋಡಿ ಸಾ" ಅಂತ ನಾಗರಾಜು ಶುರು ಮಾಡಿದಾಗ ನಮ್ಮವರೇ ಅಂದರು, "ಅವ್ರಿಗೇಳಿ. ಓಡ್ಸೋರು ಅವ್ರು." ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತಿ ಚಂದದ ಮಾತು ಅದು. ಅದೇ ಕಾರಿನಲ್ಲಿ ಮತ್ತೆ ಮಾದಪ್ಪನ ಬೆಟ್ಟಕ್ಕೆ ಹೋದೆ. ಹತ್ತಿದ್ದೂ ನಾನೇ, ಇಳಿದದ್ದೂ ನಾನೇ.

ಕಳೆದ ವಾರ ಸಹೋದ್ಯೋಗಿಯ ಮನೆ ಗೃಹಪ್ರವೇಶಕ್ಕೆ ಕೌದಳ್ಳಿಗೆ ಹೋಗಿದ್ದೆ. ಒಂದು ದಿನಸಿ ಅಂಗಡಿ ಮುಂದೆ ಯಾರೋ ಕೈ ಅಡ್ಡ ಹಾಕಿದರು. ಅವರೇ. ಪಕ್ಕದಲ್ಲಿ ಬಾನೆಟ್ ಮೇಲೆ ಬಾಡಿದ ಹಾರ ಹೊತ್ತು ಒಂದು ಕಾರು ನಿಂತಿತ್ತು. ಒಳಗೆ ಮಕ್ಕಳು, ಮತ್ತದೇ ಕಿಟಕಿ ಆಟ.

"ನಾವೂ ತಕಂಡೋ ಮೇಡಂ. ಇದು ನಿಮ್ಗಾಡಿ ತರ ಅಲ್ಲ. ಬೆಟ್ಟ ಅತ್ತಿಸಿ ನೋಡೇ ತಕಂಡಿದ್ದು."

"ಇಳಿಯುವಾಗ ಯಾರು ಓಡಿಸಿದ್ದು?" ಅಂತ ಕೇಳಿದೆ.

"ಮಾರ್ದೋರೇ ಇಳಿಸ್ಕೊಟ್ರು ಮೇಡಂ" ಅಂದರು. "ಬಾಳ ಒಳ್ಳೇ ಮನ್ಸ."