ದರ್ಜಿ ಅತ್ತೆ ನುಂಗದ ಮಾತ್ರೆ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದ ದರ್ಜಿ ಅತ್ತೆಗೆ ಮಾತ್ರೆ ಬಚ್ಚಿಡುವುದು ಯಾವ ಲೆಕ್ಕ? ಕೋಟಿನ ಗುಂಡಿಯಂಥ ಬಿಪಿ ಮಾತ್ರೆ ಒಮ್ಮೆ ಗಂಟಲಲ್ಲಿ ಸಿಕ್ಕಿ ಜೀವ ಹೋಗಿ ಬಂದಿತ್ತು. ಹೆದರಿದೆ ಅಂತ ಒಪ್ಪಿಕೊಳ್ಳುವ ಜಾಯಮಾನ ಅವಳದ್ದಲ್ಲ. ಅಂದಿನಿಂದ ಮಾತ್ರೆಯನ್ನು ದವಡೆಗೆ ಒತ್ತರಿಸಿ, ಸೊಸೆಯ ಎದುರೇ ನೀರು ಕುಡಿದು, ನಾಲ್ಕು ಮಾತಾಡಿ, ಆಮೇಲೆ ಕಿಟಕಿಯಾಚೆ ಉಗಿಯುತ್ತಿದ್ದಳು.

ಬಿಪಿ ಇಳಿಯಲಿಲ್ಲ. "ಇಳಿಯೋವರೆಗೂ ಹೊಲಿಗೆ ಬಂದ್" ಅಂತ ಸೊಸೆ ಮಶೀನಿನ ಬೆಲ್ಟನ್ನೇ ಬಿಚ್ಚಿಟ್ಟಳು. ಹೊಲಿಯದೆ ಕೂತ ಅತ್ತೆಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಸೊಸೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. "ಇದಕ್ಕಿಂತ ದೊಡ್ಡ ಮಾತ್ರೆ ಕೊಡೋಣ" ಎಂದರು ಡಾಕ್ಟರು.

ಅತ್ತೆ ಬೆವತಳು. "ದೊಡ್ಡದಾ? ಇದನ್ನೇ ನಾನು ನುಂಗಿಲ್ಲ ಡಾಕ್ಟ್ರೇ!"

"ಅತ್ತೇ! ದಿನಾ ನನ್ ಮುಂದೆ ಮಾಡಿದ್ದು ನಾಟಕಾನಾ?" ಸೊಸೆ ಕಿರುಚಿದಳು.

"ನೀರು ನಿಜವಾಗ್ಲೂ ಕುಡೀತಿದ್ದೆ ಕಣೇ."

ಡಾಕ್ಟರು ನಗು ತಡೆದು, ಅದೇ ಔಷಧಿಯನ್ನು ನಾಲಗೆ ಮೇಲೆ ಕರಗುವ ಮಾತ್ರೆಯಾಗಿ ಬರೆದುಕೊಟ್ಟರು.

ಬಿಪಿ ಇಳಿಯಿತು, ಬೆಲ್ಟು ಮಶೀನಿಗೆ ಮರಳಿತು. ಆದರೂ ಸೊಸೆ ನಂಬುವವಳಲ್ಲ. ದಿನಾ ಬೆಳಗ್ಗೆ "ಆ ಅನ್ನಿ ಅತ್ತೆ" ಅನ್ನುತ್ತಾಳೆ. ಅತ್ತೆ ಬಾಯಿ ಅಗಲಿಸಿ, ಜೊತೆಗೆ ನಾಲಗೆಯನ್ನೂ ಚಾಚಿ ಅಣಕಿಸಿ, ಮಶೀನು ತುಳಿಯಲು ಕೂರುತ್ತಾಳೆ.