ತಟ್ಟಿಯ ಆಚೆಯ ಸದ್ದು

ದೆವ್ವ, ಭೂತ ಅಂದರೆ ನಾನು ನಂಬಿದವನಲ್ಲ. ನಂಬುವುದಾದರೂ ಹೇಗೆ? ನಮ್ಮೂರು ಕರೋಶಿಯ ಸುತ್ತಮುತ್ತ ಆ ಕಾಲದಲ್ಲಿ ಜನ ಕಂಡ ದೆವ್ವಗಳಲ್ಲಿ ಅರ್ಧಕ್ಕರ್ಧ ನಾನೇ ಆಗಿದ್ದೆ. ಕರಿ ಕಂಬಳಿ ಹೊದ್ದು ಹುಣಸೆಮರದ ಕೆಳಗೆ ಕೂತು ಒಮ್ಮೆ ಕೆಮ್ಮಿದರೆ ಸಾಕು, ಎಂಥೆಂಥ ಪೈಲ್ವಾನರು ಚಪ್ಪಲಿ ಬಿಟ್ಟು ಓಡಿದ್ದಾರೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಕ್ಕು ಪುಟ ತಿರುವುತ್ತಿದ್ದೆ.

ಇದು ಒಂದು ಸಿನೆಮಾದ ಸಂಗತಿ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ನೋಡಿ ನನ್ನ ಮಾತಿನಲ್ಲಿ ತಪ್ಪು ತೆಗೆಯುತ್ತೀರಿ. ಅಣ್ಣನನ್ನು ಕೊಂದವರನ್ನು ಅವನ ತಮ್ಮ ಒಬ್ಬೊಬ್ಬರನ್ನಾಗಿ ಕಡಿದು ಹಾಕುವ ಕಥೆ. ಎಂಬತ್ತರ ದಶಕದ ಮೊದಲಲ್ಲಿ, ನನ್ನ ಮದುವೆಯಾದ ವಾರದಲ್ಲೇ, ನಮ್ಮೂರಿಗೆ ಬಂದ ಟೂರಿಂಗ್ ಟಾಕೀಸಿನಲ್ಲಿ ಅದನ್ನು ನೋಡಿದೆ. ಆಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಅಂತ ಅದು ಹೋದಲ್ಲೆಲ್ಲ ಸೈಕಲ್ ತುಳಿದೆ. ಪರದೆಯ ಮೇಲಿನವರು ಬಾಯಿ ತೆರೆಯುವ ಮೊದಲೇ ಅವರ ಡೈಲಾಗು ನಾನು ಹೇಳಿ ಮುಗಿಸುತ್ತಿದ್ದೆ. ಸುತ್ತ ಕೂತವರು ಸಿನೆಮಾ ಬಿಟ್ಟು ನನ್ನನ್ನೇ ನೋಡುತ್ತಿದ್ದರು ಅಂದರೆ ಸುಳ್ಳಲ್ಲ.

ಅದರ ಕೊನೆಯಲ್ಲಿ, ಗಾಯಗೊಂಡು ಬಿದ್ದ ವೈರಿ ನೀರು ಕೇಳುತ್ತಾನೆ. ನಾಯಕ ತಂಬಿಗೆ ತರುತ್ತಾನೆ. ಆತ ಬಾಯಿ ತೆರೆದಾಗ ಇವನು ಅಷ್ಟೂ ನೀರನ್ನು ಪಕ್ಕದ ನೆಲಕ್ಕೆ ಸುರಿದು ಕೊಡಲಿ ಎತ್ತುತ್ತಾನೆ. ಮೊದಲ ಸಲ ನೋಡಿದಾಗ ಡೇರೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹೆಂಗಸರು ಒಂದು ಬದಿ, ಗಂಡಸರು ಒಂದು ಬದಿ, ನಡುವೆ ಬಿದಿರಿನ ತಟ್ಟಿ. ಆ ತಟ್ಟಿಯ ಆಚೆಯಿಂದ ಒಂದೇ ಒಂದು ನಗು ಕೇಳಿಸಿತು. ಸೆರಗು ಒತ್ತಿ ಹಿಡಿದರೂ ಮೂಗಿನಿಂದ ಜಾರಿ ಹೊರಬಿದ್ದಂಥದ್ದು. ನನ್ನ ಹೆಂಡತಿ ಗಂಗವ್ವನದು.

ಅವಳ ನಗು ಅದುವರೆಗೆ ನಾನು ಕೇಳಿರಲಿಲ್ಲ. ಆದರೂ ಗುರುತು ಹಿಡಿದೆ. ಮದುವೆಯ ಊಟದಲ್ಲಿ ಅವಳ ತಮ್ಮ ಬಸಪ್ಪ ನೀರು ಕೇಳಿದ್ದ. ನಾನು ತಂಬಿಗೆ ಎತ್ತಿ, ಅವನು ಕತ್ತು ಮೇಲೆ ಮಾಡಿ ಬಾಯಿ ತೆರೆದ ಮೇಲೆ, ನೀರನ್ನು ಅವನ ಕಾಲ ಮೇಲೆ ಸುರಿದಿದ್ದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಮದುಮಗಳು ಮಾತ್ರ ತಲೆ ಎತ್ತಿರಲಿಲ್ಲ. ನಮ್ಮ ಮನೆಗೆ ಬಂದ ಮೇಲೂ ಮಾತಿಲ್ಲ. ಈಗ ಇಡೀ ಡೇರೆ ನಡುಗುವಾಗ ಅವಳು ನನ್ನ ಚೇಷ್ಟೆ ನೆನೆದು ನಕ್ಕಳು. ನಮ್ಮ ಸಂಸಾರ ಶುರುವಾದದ್ದು ಆ ನಗುವಿನಿಂದ ಎಂದೇ ನಾನು ತಿಳಿದಿದ್ದೆ.

ಅವಳು ಮಾತ್ರ ಒಪ್ಪಲಿಲ್ಲ.

"ನಕ್ಕಿಲ್ರಿ ನಾ, ಅತ್ತೀನಿ. ಒಬ್ಬಾಂವ ಸಾಯಾಕತ್ತಾನ, ನೀರ ಕೇಳಾಕತ್ತಾನ. ನಗಾಕ ನನಗೇನ ಹುಚ್ಚ ಹಿಡದಿತ್ತು?"

"ನನ್ನ ಕಿವಿ ಏನ ಕಿವುಡ ಅದಾವೇನ ಬೇ?"

"ಆತ ಬಿಡ್ರಿ. ನಿಮ್ಮ ಕಿವಿ ಖರೆ, ನನ್ನ ಕಣ್ಣೀರ ಸುಳ್ಳ."

ಈ ಜಗಳ ವರ್ಷಗಟ್ಟಲೆ ನಡೆಯಿತು, ತೀರ್ಮಾನವಾಗಲಿಲ್ಲ. ಅಷ್ಟರಲ್ಲಿ ಒಂದು ಮಳೆಗಾಲ ಜ್ವರ ಬಂದು ಅವಳು ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ಮನೆಯಲ್ಲಿ ನನ್ನ ಚೇಷ್ಟೆಗೆ ಸಿಟ್ಟಾಗುವವರೇ ಇಲ್ಲವಾದರು. ಉಪ್ಪಿನ ಡಬ್ಬಿಯಲ್ಲಿ ಸಕ್ಕರೆ ತುಂಬಿಟ್ಟರೆ ಮರುದಿನ ನಾನೇ ಸಿಹಿ ಸಾರು ಉಣ್ಣಬೇಕು.

ತೊಂಬತ್ತರ ದಶಕದ ಒಂದು ಚಳಿಗಾಲ ಕೊಕಟನೂರಿಗೆ, ಬಸಪ್ಪನ ಮನೆಗೆ ಹೋಗಿದ್ದೆ. ಸಂಜೆ ಧ್ವನಿವರ್ಧಕ ಕಟ್ಟಿದ ರಿಕ್ಷಾವೊಂದು ಅದೇ ಸಿನೆಮಾದ ಹೆಸರು ಕೂಗುತ್ತ ಹೋಯಿತು.

"ಮಾವಾ, ಮನ್ಯಾಗ ಟಿವಿ ಐತಿ. ಇಂಥಾ ಥಂಡ್ಯಾಗ ಮಣ್ಣಾಗ ಕುಂಡ್ರಾಕ ಹೊಂಟೀರಲ್ಲ," ಎಂದ ಬಸಪ್ಪ.

ಒಬ್ಬನೇ ಹೋದೆ. ಸಿನೆಮಾಕ್ಕಲ್ಲ. ಅವಳು ನಕ್ಕ ಆ ದೃಶ್ಯ ಬರುವಾಗ ಮತ್ತೊಮ್ಮೆ ಡೇರೆಯಲ್ಲಿ ಕೂತಿರಬೇಕು ಅನ್ನಿಸಿತ್ತು, ಅಷ್ಟೆ.

ಡೇರೆಗೆ ತೂತು ಬಿದ್ದಿದ್ದವು. ಬೀಡಿ ಸೇದುತ್ತ ಅಲ್ಲೊಬ್ಬ ಇಲ್ಲೊಬ್ಬ ಕೂತಿದ್ದರು. ರೀಲು ಸವೆದು ನಾಯಕನ ಮುಖದ ಮೇಲೆಲ್ಲ ಗೆರೆ. ಡೈಲಾಗು ಹೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ವೈರಿ ಬಿದ್ದ, ನೀರು ಕೇಳಿದ. ಪರದೆ ಒಮ್ಮೆ ಜಿಗಿಯಿತು. ತಂಬಿಗೆಯೂ ಇಲ್ಲ, ನೀರೂ ಇಲ್ಲ. ನಾಯಕ ರಕ್ತದ ಕೊಡಲಿ ಹಿಡಿದು ನಡೆದು ಹೋಗುತ್ತಿದ್ದ. ದೃಶ್ಯವೇ ಕತ್ತರಿಸಿ ಹೋಗಿತ್ತು.

ಅದೇ ಹೊತ್ತಿಗೆ ತಟ್ಟಿಯ ಆಚೆಯಿಂದ ಆ ಸದ್ದು ಬಂತು. ಸೆರಗಿನೊಳಗಿಂದ, ಮೂಗಿನಿಂದ, ಒಂದೇ ಒಂದು ಸಲ.

ಯಾರೋ ನನಗೇ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಮಾಡುವವರು ಮಾಡಬೇಕಾದದ್ದೇ, ಎಷ್ಟು ಜನರ ಶಾಪವಿದೆಯೋ. ಎದ್ದು ತಟ್ಟಿಯ ಮೇಲಿಂದ ಇಣುಕಿದೆ. ಬರೀ ನೆಲ. ಹೊರಗೆ ಬಂದು ಗೇಟಿನವನನ್ನು ಕೇಳಿದೆ.

"ಹೆಣ್ಣಮಕ್ಕಳ ಟಿಕೀಟ ಇವತ್ತ ಒಂದೂ ಹರದಿಲ್ರಿ, ಯಜಮಾನ್ರ," ಎಂದ.

"ನೀರ ಚೆಲ್ಲೋ ಸೀನ ಎಲ್ಲಿ ಹೋತು?"

"ಅದು ತುಂಡಾಗಿ ಭಾಳ ವರ್ಷ ಆತು. ನೀವ ಯಾವ ಕಾಲದಾಗ ನೋಡಿದ್ರೋ ಏನೋ."

ಗಾಳಿಗೆ ಡೇರೆ ಬಡಿದದ್ದು ಎನ್ನಿ, ನನ್ನ ಒಂಟಿತನ ಎನ್ನಿ. ನಾನೂ ಹಾಗೇ ಹೇಳಿಕೊಂಡು ನೋಡಿದ್ದೇನೆ. ಆದರೆ ಪರದೆಯ ಮೇಲೆ ಇಲ್ಲದ ದೃಶ್ಯಕ್ಕೆ, ಅದು ಇರಬೇಕಾದ ಜಾಗದಲ್ಲೇ, ಸದ್ದು ಮಾಡಿದವರು ಯಾರು? ಎಷ್ಟೋ ಮಂದಿಯನ್ನು ಬೇಸ್ತು ಬೀಳಿಸಿದ ಈ ತಲೆಗೆ ಇವತ್ತಿಗೂ ಅದು ಹೊಳೆದಿಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಅಷ್ಟು ವರ್ಷ ಅದು ನಗು ಎಂದೇ ವಾದಿಸಿದವನು ನಾನು. ಆ ರಾತ್ರಿ ಕೇಳಿದ ಮೇಲೆ, ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದಾಗ ಬಸಪ್ಪ ತಂಬಿಗೆ ತುಂಬ ನೀರು ತಂದುಕೊಟ್ಟ. ಕೊಟ್ಟವನೇ ರೂಢಿಯಂತೆ ಕಾಲು ಹಿಂದಕ್ಕೆಳೆದುಕೊಂಡ. ಆ ಮನೆಯಲ್ಲಿ ನಾನು ಅವನ ಕಾಲ ಮೇಲೆ ಚೆಲ್ಲದೆ ನೀರು ಕುಡಿದದ್ದೇ ಇಲ್ಲ.

"ಬಸು, ನಿಮ್ಮಕ್ಕ ನಗೂದ ಹೆಂಗಿತ್ತಪಾ?" ಎಂದೆ.

"ಅಕ್ಕಂದ ಮೊದಲಿಂದನೂ ಹಂಗ ಮಾವಾ. ನಗಾಕತ್ತಾಳೋ ಅಳಾಕತ್ತಾಳೋ, ಮಾರಿ ನೋಡಿದ್ರನ ತಿಳೀತಿತ್ತು."

ನಡುವೆ ತಟ್ಟಿಯಿತ್ತು, ಮುಖ ನಾನು ನೋಡಿರಲಿಲ್ಲ. ಒಂದು ಹನಿಯೂ ಚೆಲ್ಲದೆ ಆ ನೀರು ಕುಡಿದೆ.